ಓದಿ ಹೇಳಲಾಗಿದೆ

ನಾನು ಓದಿದ ಕಾಲೇಜು ಯಾವ ಊರಿನದು ಎಂದು ಬರೆಯುವುದಿಲ್ಲ. ಆಳಂದ, ಅಫಜಲಪುರ, ಜೇವರ್ಗಿ, ಈ ಮೂರರಲ್ಲಿ ಒಂದು. ನನ್ನ ಅಪ್ಪನ ವಯಸ್ಸಿನವರಿಗೆ ಆ ಕಾಲದಲ್ಲಿ ಯಾವ ಕಚೇರಿಯ ಕಿಟಕಿಯ ಮುಂದೆಯಾದರೂ ಹೀಗೆ ಆಗಬಹುದಿತ್ತು. ಆದ್ದರಿಂದ ಹೆಸರು ಬೇಕಿಲ್ಲ.

ಅಪ್ಪ ಒಕ್ಕಲುತನ ಮಾಡುವವರು. ಶಾಲೆ ಕಲಿತದ್ದು ನಿಜಾಮರ ಕಾಲದಲ್ಲಿ, ಉರ್ದುವಿನಲ್ಲಿ. ಮನೆಯ ಮಾತು ಕನ್ನಡ, ಕೊರಳಲ್ಲಿ ಲಿಂಗ, ಬರವಣಿಗೆ ಮಾತ್ರ ಬಲದಿಂದ ಎಡಕ್ಕೆ. ಕನ್ನಡವನ್ನು ಸಾಲಿನ ಕೆಳಗೆ ಬೆರಳಿಟ್ಟುಕೊಂಡು ನಿಧಾನವಾಗಿ ಓದುತ್ತಿದ್ದರು, ಬರೆಯುತ್ತಿರಲಿಲ್ಲ. ನಮ್ಮ ಕಡೆಯ ಹಳೆಯ ಜಮೀನಿನ ಕಾಗದಗಳು ಉರ್ದುವಿನಲ್ಲೇ ಇದ್ದುದರಿಂದ ಭಾನುವಾರ ನಮ್ಮ ಮನೆಯ ಕಟ್ಟೆ ಖಾಲಿ ಇರುತ್ತಿರಲಿಲ್ಲ. ನೆಲೋಗಿಯಿಂದ, ಹವಳಗಾದಿಂದ ಜನ ಅರಿವೆಯಲ್ಲಿ ಸುತ್ತಿದ ಕಾಗದ ಹಿಡಿದು ಬರುತ್ತಿದ್ದರು. 'ತಹಸೀಲ ಕಚೇರ್ಯಾಗೇ ನಿಮ್ಮ ಹೆಸರು ಹೇಳಿ ಕಳಿಸ್ಯಾರ್ರಿ' ಎನ್ನುತ್ತಿದ್ದರು. ಅಪ್ಪ ಕನ್ನಡಕ ಏರಿಸಿ, ಒಂದೊಂದು ಸಾಲನ್ನೂ ಓದಿ ಕನ್ನಡದಲ್ಲಿ ಹೇಳುತ್ತಿದ್ದರು. ಬಂದವರಿಗೆಲ್ಲ ಚಹಾ ಕೊಡುವುದು ಅವ್ವನ ಪಾಲಿನ ಕೆಲಸ. 'ನಿಮ್ಮಪ್ಪನ ಉರ್ದು ನನ್ನ ಚಹಾಪುಡಿ ತಿಂದು ಮುಗಿಸ್ತು ನೋಡ್ ಬೇ' ಎಂದು ನನಗೆ ಹೇಳುವಂತೆ ಅವರಿಗೆ ಕೇಳಿಸುತ್ತಿದ್ದಳು.

ಬಿ.ಎಸ್ಸಿ. ಮೊದಲ ವರ್ಷದಲ್ಲಿ ನನಗೆ ಬಂದ ಅಂಕಗಳಿಗೆ ವಿಶ್ವವಿದ್ಯಾಲಯದ ಪ್ರತಿಭಾ ವಿದ್ಯಾರ್ಥಿವೇತನ ಸಿಗುವುದಿತ್ತು. ಅದು ಮಂಜೂರಾದರೆ ಬೋಧನಾ ಶುಲ್ಕ, ಪ್ರಯೋಗಾಲಯದ ಶುಲ್ಕ, ಪರೀಕ್ಷಾ ಶುಲ್ಕ ನೇರವಾಗಿ ಕಾಲೇಜಿಗೆ ಜಮೆಯಾಗುತ್ತಿತ್ತು. ಪುಸ್ತಕಕ್ಕೆಂದು ವರ್ಷಕ್ಕೊಮ್ಮೆ ಸ್ವಲ್ಪ ಹಣ ಕೈಗೆ ಬರುತ್ತಿತ್ತು. ಬಸ್ಸಿನ ಪಾಸು ಮಾತ್ರ ನಮ್ಮದು. ಪ್ರತಿವರ್ಷ ಪ್ರಥಮ ದರ್ಜೆ ಉಳಿಸಿಕೊಂಡು ಅರ್ಜಿಯನ್ನು ಮತ್ತೆ ಕೊಡಬೇಕಿತ್ತು. ಅಪ್ಪ ಇದನ್ನು ವಜೀಫಾ ಎನ್ನುತ್ತಿದ್ದರು. ಚಿಕ್ಕಂದಿನಲ್ಲಿ ಅವರಿಗೂ ಒಂದು ವರ್ಷ ವಜೀಫಾ ಬಂದಿತ್ತಂತೆ. ಪಕ್ಕದ ಮನೆಯ ಅತ್ತೆಯೊಬ್ಬರಿಗೆ ವಿದ್ಯಾರ್ಥಿವೇತನ ಎಂದರೇನೆಂದು ವಿವರಿಸಿದೆ. 'ಓದೂದಕ್ಕೂ ಪಗಾರ ಕೊಡ್ತಾರೇನ್ ಬೇ? ನಮ್ಮ ಹುಡುಗಗ ಓದಲಾರದ್ದಕ್ಕ ಏನರ ಕೊಡ್ತಾರೇನು ಕೇಳ್ಕೊಂಡು ಬಾ' ಎಂದರು.

ಆಗ ಅಣ್ಣ ಇಂಜಿನಿಯರಿಂಗ್ ಓದುತ್ತಿದ್ದ. ಅವನ ಓದು ನಿಲ್ಲಬಹುದೆಂಬ ಮಾತು ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ. ನಿಲ್ಲುವುದಿದ್ದರೆ ನನ್ನದು. 'ವಜೀಫಾ ಬಂದ್ರ ಓದು. ಬರಲಿಲ್ಲಂದ್ರ ನನ್ನ ಮಾರಿ ನೋಡಬ್ಯಾಡ' ಎಂದರು ಅಪ್ಪ. ಅವರು ಅದನ್ನು ಹೇಳಿದ್ದು ನೆಲ ನೋಡಿಕೊಂಡು, ಅಷ್ಟು ಮಾತ್ರ ಅವರ ಪರವಾಗಿ ಹೇಳಬಲ್ಲೆ.

ಕೊಟ್ಟ ಅರ್ಜಿ ಎರಡು ವಾರಕ್ಕೆ ವಿಶ್ವವಿದ್ಯಾಲಯದಿಂದ ಕಾಲೇಜಿಗೆ ವಾಪಸು ಬಂತು. 'ಪಾಲಕರ ಸಹಿ ಸ್ಪಷ್ಟವಿಲ್ಲ' ಎಂದು ಅದರ ಮೇಲೆ ಕೆಂಪು ಶಾಯಿಯಲ್ಲಿ ಬರೆದಿತ್ತು. ಮತ್ತೆ ಕಳಿಸಲು ಉಳಿದದ್ದು ಮರುದಿನ ಮಧ್ಯಾಹ್ನದ ಟಪಾಲು ಮಾತ್ರ. ಮುಂಜಾನೆಯ ಬಸ್ಸಿಗೆ ಅಪ್ಪನನ್ನು ಕರೆದುಕೊಂಡು ಹೋದೆ.

ಕಾಲೇಜು ಕಚೇರಿಯ ಗುಮಾಸ್ತರು ಬೇರೆ ಜಿಲ್ಲೆಯಿಂದ ವರ್ಗವಾಗಿ ಬಂದವರು. ಅರ್ಜಿಯನ್ನು ಕಿಟಕಿಯ ಆಚೆಯಿಂದ ನಮ್ಮತ್ತ ತಿರುಗಿಸಿ ಹಿಡಿದರು.

'ಏನ್ರೀ ಇದು, ಇರುವೆ ಓಡಾಡಿದ ಹಾಗಿದೆ?'

'ನನ್ನ ಸಹಿ ಅದರಿ, ಸಾಹೇಬ್ರ. ಉರ್ದುದಾಗ ಮಾಡೀನಿ.'

'ನಿಮ್ಮ ಹೆಸರು ನೋಡಿದರೆ ಒಂದು ಥರ, ಸಹಿ ನೋಡಿದರೆ ಇನ್ನೊಂದು ಥರ. ಇದನ್ನು ಓದುವವರು ಯಾರು ಇಲ್ಲಿ? ಕನ್ನಡ ಇಲ್ಲ ಇಂಗ್ಲಿಷ್.'

'ಕನ್ನಡ ಓದ್ತೇನ್ರಿ. ಬರಿಯಾಕ ಕೈ ಕೂಡೂದಿಲ್ಲ.'

ಹತ್ತು ನಿಮಿಷ ಕೊಟ್ಟರೆ ಹೆಸರು ಬರೆಯುವುದನ್ನು ನಾನೇ ಕಲಿಸುತ್ತೇನೆಂದೆ. ಅದೂ ಆಗಲಿಲ್ಲ. ಈಗ ಕಲಿತ ಸಹಿ ಆದಾಯ ಪತ್ರದ ಸಹಿಗೆ ಹೊಂದುವುದಿಲ್ಲ, ಮತ್ತೆ ತಕರಾರು ಬರುತ್ತದೆ ಎಂದರು. ಆದಾಯ ಪತ್ರದ ಮೇಲೂ ಅಪ್ಪನ ಉರ್ದು ಸಹಿಯೇ ಇತ್ತು. ಅಲ್ಲಿ ಅದು ಸಹಿ, ಇಲ್ಲಿ ಇರುವೆ.

'ಹೆಬ್ಬೆಟ್ಟು ಒತ್ತಿಬಿಡಲಿ. ಹೆಬ್ಬೆಟ್ಟಿಗೆ ಯಾರದೂ ತಕರಾರಿಲ್ಲ' ಎಂದು ಇಂಕ್ ಪ್ಯಾಡನ್ನು ಕಿಟಕಿಯ ಕೆಳಗಿನ ಸಂದಿಯಿಂದ ತಳ್ಳಿದರು.

ಅಪ್ಪ ನನ್ನನ್ನು ನೋಡಿದರು. ಬೇಡ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ಅವರು ಅಂಗಿಯ ತೋಳನ್ನು ಮಡಚಿ, ಅಭ್ಯಾಸವಿಲ್ಲದ್ದರಿಂದ ಮೊದಲು ಬಲಗೈ ಮುಂದೆ ಮಾಡಿದರು. 'ಎಡಗೈ, ಎಡಗೈ' ಎಂದು ಗುಮಾಸ್ತರು ನಕ್ಕರು.

ಹೆಬ್ಬೆಟ್ಟಿಗೆ ಸಾಕ್ಷಿ ಬೇಕು. ಆ ಸಾಕ್ಷಿ ನಾನು. ಗುಮಾಸ್ತರು ಹೇಳಿ ಬರೆಸಿದರು: 'ಅರ್ಜಿದಾರಳ ತಂದೆ ಓದುಬರಹ ಬಾರದವರು. ಅರ್ಜಿಯ ಒಕ್ಕಣೆಯನ್ನು ಅವರಿಗೆ ಓದಿ ಹೇಳಲಾಗಿದೆ.' ನನ್ನ ಅಕ್ಷರ ದುಂಡಗಿತ್ತು. ಶಾಲೆಯಲ್ಲಿ ಅದಕ್ಕೆ ಬಹುಮಾನ ಬಂದಿತ್ತು. ಅದೇ ಅಕ್ಷರದಲ್ಲಿ ಬರೆದು ಕೆಳಗೆ ಸಹಿ ಮಾಡಿದೆ. ಮೂರು ತಾಲೂಕಿನ ಜನರಿಗೆ ಅವರವರ ಹೊಲದ ಕಾಗದ ಓದಿ ಹೇಳಿದ ಮನುಷ್ಯನಿಗೆ, ನಾನು ಓದಿ ಹೇಳಿದೆನಂತೆ. ಗುಮಾಸ್ತರ ಮೇಲಿನ ಸಿಟ್ಟು ವರ್ಷಗಳಲ್ಲಿ ಸ್ವಲ್ಪ ತಗ್ಗಿದೆ. ಆ ಎರಡು ವಾಕ್ಯ ಬರೆದ ಕೈ ನನ್ನದು ಎಂಬ ಸಿಟ್ಟು ತಗ್ಗಿಲ್ಲ.

ಬಸ್ ನಿಲ್ದಾಣದ ನಳದ ಕೆಳಗೆ ಅಪ್ಪ ಬೆರಳು ತಿಕ್ಕಿದರು. ಶಾಯಿ ಹೋಗಲಿಲ್ಲ. 'ಇರ್ಲಿ ಬಿಡ್ ಬೇ. ವಜೀಫಾ ಬರ್ತದಲ್ಲ' ಎಂದರು. ಬಂತು. ಎರಡನೆಯ ವರ್ಷ ಓದಿದೆ. ಭಾನುವಾರದ ಕಟ್ಟೆಯ ಮೇಲೆ ಯಾರಾದರೂ ಕಾಗದ ಬಿಚ್ಚಿದಾಗ ನಾನು ಒಳಗೆ ಹೋಗಿಬಿಡುತ್ತಿದ್ದೆ.

ಕೊನೆಯ ವರ್ಷದ ಅರ್ಜಿಗೆ ಮತ್ತೆ ಹೆಬ್ಬೆಟ್ಟೇ ಬೇಕಿತ್ತು, ಹಿಂದಿನದಕ್ಕೆ ಹೊಂದಬೇಕಲ್ಲ. ಈ ಸಲ ಸಾಕ್ಷಿಯ ಜಾಗದಲ್ಲಿ ಏನು ಬರೆಯಬೇಕೆಂದು ಮನೆಯಲ್ಲೇ ನಿಶ್ಚಯಿಸಿದ್ದೆ. ಅರ್ಜಿ ತಿರಸ್ಕೃತವಾದರೆ ನನ್ನ ಓದು ಅಲ್ಲಿಗೆ ಮುಗಿಯುತ್ತದೆಂದು ಗೊತ್ತಿತ್ತು. ಆದರೂ ಬರೆದೆ: 'ನನ್ನ ತಂದೆ ಉರ್ದು, ಫಾರ್ಸಿ ಓದುಬರಹ ಬಲ್ಲವರು. ಈ ಅರ್ಜಿಯನ್ನು ಅವರೇ ಓದಿಕೊಂಡಿದ್ದಾರೆ.' ಕಚೇರಿಯ ಜಗಲಿಯ ಮೇಲೆ ಅಪ್ಪನ ಕೈಗೆ ಕೊಟ್ಟೆ. ಬೆರಳಿಟ್ಟು ಕೊನೆಯವರೆಗೂ ಓದಿದರು. ನಾನು ಕಾಯುತ್ತಿದ್ದೆ, ಏನಾದರೂ ಅನ್ನಲಿ ಎಂದು.

'ಫಾರ್ಸಿ ತಗಿ. ನನಗ ಫಾರ್ಸಿ ಅಷ್ಟ್ ಬರೂದಿಲ್ಲ. ಸುಳ್ಳ ಯಾಕ ಬರೀತಿ?'

ಆ ಒಂದು ಪದದ ಮೇಲೆ ಗೆರೆ ಎಳೆದೆ. ಅದೇ ಗುಮಾಸ್ತರು. ಅಪ್ಪ ಹೆಬ್ಬೆಟ್ಟು ಒತ್ತಿದರು. ನಾನು ಉತ್ತರಗಳನ್ನು ಸಿದ್ಧ ಮಾಡಿಕೊಂಡು ನಿಂತಿದ್ದೆ. ದಾರಿಯುದ್ದಕ್ಕೂ ಅವನ್ನೇ ಬಾಯಿಪಾಠ ಮಾಡಿದ್ದೆ. ಅವರು ನನ್ನ ವಾಕ್ಯದ ಮೇಲೆ ಕಣ್ಣು ಓಡಿಸಲಿಲ್ಲ, ಖಾಲಿ ಜಾಗ ಉಳಿದಿದೆಯೇ ಎಂದಷ್ಟೇ ನೋಡಿದರು. ಗೆರೆ ಕಂಡಿತು.

'ಹೊಡೆದು ಹಾಕಿದ ಕಡೆ ಪಾಲಕರದು ಒಂದು ಚಿಕ್ಕ ಸಹಿ ಬೇಕು' ಎಂದರು, ತಲೆಯೆತ್ತದೆ.

ಅಪ್ಪ ನನ್ನ ಪೆನ್ನು ತೆಗೆದುಕೊಂಡು, ರೂಢಿಯಂತೆ, ಗೆರೆಯ ಪಕ್ಕದಲ್ಲಿ ಉರ್ದುವಿನಲ್ಲಿ ಸಹಿ ಮಾಡಿದರು. ಗುಮಾಸ್ತರು ಅದರ ಮೇಲೆ ಮೊಹರು ಒತ್ತಿ ಮುಂದಿನವರನ್ನು ಕರೆದರು.

ಆ ವರ್ಷದ ವಿದ್ಯಾರ್ಥಿವೇತನವೂ ಬಂತು, ಯಾವ ತಕರಾರೂ ಇಲ್ಲದೆ. ಅರ್ಜಿ ಕೊಟ್ಟ ದಿನ ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ ನೀಲಿ ಬೆರಳು ನೋಡಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನನಗೆ ನಗು ಬರಲಿಲ್ಲ. ಈಗಲೂ ಬರುವುದಿಲ್ಲ.