ಗುಂಡ್ಲುಪೇಟೆಯಲ್ಲಿ ನಾನು ತಪ್ಪಾಗಿ ಕೇಳಿಸಿಕೊಂಡ ಮಾತು

“ನೀರು ನಿಂತು ಎರಡು ತಿಂಗಳಾಯ್ತು ಕಣಕ್ಕ” ಎಂದಳು ಎದುರಿಗೆ ಕೂತ ಹೆಂಗಸು. “ಪಂಚಾಯ್ತಿಯವರಿಗೆ ಹೇಳಬೇಕಿತ್ತಲ್ರಿ” ಎಂದುಬಿಟ್ಟೆ. ಸಾಲಿನಲ್ಲಿದ್ದವರೆಲ್ಲ ಬಾಯಿಗೆ ಸೆರಗಿಟ್ಟು ನಕ್ಕರು. ಆಕೆ ಹೇಳಿದ್ದು ನಲ್ಲಿಯ ವಿಷಯವಲ್ಲ, ಮುಟ್ಟು ನಿಂತ ವಿಷಯ. ಗುಂಡ್ಲುಪೇಟೆಯ ಆ ಸಣ್ಣ ಕ್ಲಿನಿಕ್ಕಿನಲ್ಲಿ ಅದು ನನ್ನ ಮೊದಲ ದಿನ. ಬಿಜಾಪುರದಿಂದ ನರ್ಸ್ ಕೆಲಸಕ್ಕೆ ಬಂದವಳು ಕನ್ನಡವನ್ನೇ ಮತ್ತೆ ಕಲಿಯಬೇಕಾದೀತೆಂದು ನನಗೆ ಯಾರೂ ಹೇಳಿರಲಿಲ್ಲ.

ಬಾಡಿಗೆ ಕೋಣೆಗೆ ಅಲೆದಾಗ ಎರಡು ಮನೆಗಳಲ್ಲಿ “ಒಬ್ರೇನಾ?” ಎಂದು ಕೇಳಿ ಬಾಗಿಲು ಹಾಕಿಕೊಂಡರು. ಕೋಣೆ ಕೊಟ್ಟ ಮೂರನೆಯ ಮನೆಯಾಕೆ ಮುದ್ದೆಯನ್ನೂ ಬಡಿಸಿ, “ಅಗೀಬ್ಯಾಡ ಕಣಮ್ಮಿ, ನುಂಗ್ಬುಡು” ಎಂದರು. ನಮ್ಮಲ್ಲಿ ಜೋಳದ ರೊಟ್ಟಿಯನ್ನು ಎಷ್ಟು ಅಗಿದರೆ ಅಷ್ಟು ರುಚಿ. ಇಲ್ಲಿ ಅಗಿದರೆ ನಗುತ್ತಾರೆ. ಭಾನುವಾರ ಮಧ್ಯಾಹ್ನ ಬೀದಿಯ ಮಾತೆಲ್ಲ ಕಿವಿಗೆ ಬೀಳುತ್ತಿತ್ತು, ಅರ್ಧ ಮಾತ್ರ ತಿಳಿಯುತ್ತಿತ್ತು. ಪರಭಾಷೆಯ ಊರಾಗಿದ್ದರೆ ಇಷ್ಟು ಒಂಟಿತನ ಅನ್ನಿಸುತ್ತಿರಲಿಲ್ಲವೇನೋ.

ನನ್ನ ಕೆಲಸ ಎಳೆಯ ಹೆಂಗಸರನ್ನು ತಪಾಸಣೆ ಮಾಡುವುದು. ಕ್ಲಮೈಡಿಯ ಎಂಬ ಸೋಂಕು ಗಂಡು ಹೆಣ್ಣಿನ ಕೂಡುವಿಕೆಯಿಂದ ಹರಡುತ್ತದೆ. ಹೆಚ್ಚಿನವರಿಗೆ ಅದು ಇರುವುದೇ ಗೊತ್ತಾಗುವುದಿಲ್ಲ. ಸದ್ದಿಲ್ಲದೆ ಗರ್ಭನಾಳ ಕೆಡಿಸಿ ಮಕ್ಕಳಾಗದಂತೆಯೂ ಮಾಡಬಹುದು. ಪರೀಕ್ಷೆಗೆ ಸ್ಯಾಂಪಲ್ ಮೈಸೂರಿಗೆ ಹೋಗಬೇಕು, ಎಲ್ಲರದನ್ನೂ ಕಳಿಸಲಾಗದು. ಆದ್ದರಿಂದ ಒಂದು ಹಾಳೆಯಿತ್ತು: ಇಪ್ಪತ್ತೈದರೊಳಗಿನ ವಯಸ್ಸು, ಕೆಳಹೊಟ್ಟೆ ನೋವು, ಬಿಳಿಸೆರಗು, ಕೂಡಿದ ಮೇಲೆ ರಕ್ತ, ಗಂಡ ಬೇರೆ ಊರಿನಲ್ಲಿ ಉಳಿಯುತ್ತಾನೆಯೇ. ಹೌದೆಂದರೆ ಒಂದೊಂದು ಅಂಕ. ನಾಲ್ಕಾದರೆ ಪರೀಕ್ಷೆ, ಇಲ್ಲವಾದರೆ ನೋವಿನ ಮಾತ್ರೆ ಕೊಟ್ಟು ಮನೆಗೆ. ಯಾರಿಗೆ ಅಪಾಯವಿದೆಯೆಂದು ಊಹಿಸಲು ನಮಗಿದ್ದದ್ದು ಅದೊಂದೇ.

ಐದನೆಯ ದಿನ ತೆರಕಣಾಂಬಿಯಿಂದ ನಾಗಮಣಿ ಬಂದಳು. ಹೆಸರು ಬದಲಿಸಿದ್ದೇನೆ. ಹತ್ತೊಂಬತ್ತು ವರ್ಷ, ಮದುವೆಯಾಗಿ ಎರಡು ವರ್ಷ, ಮಗುವಿಲ್ಲ. ಜೊತೆಗೆ ಅತ್ತೆ. ಹೊರಗೆ ಕೂರಿ ಎನ್ನುವ ಧೈರ್ಯ ನನಗೆ ಬರಲಿಲ್ಲ. ನಿಜ ಹೇಳಬೇಕೆಂದರೆ, ಅತ್ತೆ ಬಿಡಿಸಿ ಹೇಳುತ್ತಾರೆಂಬ ಆಸೆಯೂ ಇತ್ತು.

ಗಂಡನ ವಿಷಯ ಕೇಳಿದಾಗ ನಾಗಮಣಿ ತಲೆತಗ್ಗಿಸಿ, “ಅರಿಸ್ನ ತುಂಬ್ಕಂಡು ಓಯ್ತರೆ, ನಾಕ್ ದಿನಕ್ಕೆ” ಎಂದಳು.

ನಮ್ಮ ಕಡೆ ‘ಒಯ್ತಾರ’ ಎಂದರೆ ತೆಗೆದುಕೊಂಡು ಹೋಗುತ್ತಾರೆ. ಯಾರೋ ವ್ಯಾಪಾರಿಗಳು ನಾಲ್ಕು ದಿನಕ್ಕೊಮ್ಮೆ ಇವರ ಮನೆಯಿಂದ ಅರಿಶಿನ ಒಯ್ಯುತ್ತಾರೆ ಎಂದುಕೊಂಡೆ.

“ನನ್ ಮಗ ಮನೇಲೇ ಇರ್ತನೆ ಮೇಡಮ್ಮೋರೆ” ಎಂದರು ಅತ್ತೆ.

ಸೊನ್ನೆ ಹಾಕಿದೆ. ಒಟ್ಟು ಮೂರು. ನಾಗಮಣಿ ಇನ್ನೇನೋ ಹೇಳಲು ಬಾಯಿ ತೆರೆದಳು. ನಾನು ಆಗಲೇ ಮುಂದಿನವರನ್ನು ಕರೆದಿದ್ದೆ.

ಎರಡು ವಾರದ ನಂತರ ಕೆಲಸದ ಮೇಲೆ ಚಾಮರಾಜನಗರಕ್ಕೆ ಹೊರಟಿದ್ದೆ. ಬಸ್ಸಿನಲ್ಲಿ ಮುಂದಿನ ಸೀಟಿನ ಹೆಂಗಸನ್ನು ಪಕ್ಕದವಳು ಕೇಳಿದಳು: “ನಿಮ್ ಯಜಮಾನ್ರು ಬರ್ನಿಲ್ವಾ?”

“ಇಲ್ಲ ಕಣವ್ವ, ಅವ್ರು ನಾಳಿಕ್ ಓಯ್ತರೆ.”

ಓಯ್ತರೆ ಎಂದರೆ ಹೋಗುತ್ತಾರೆ. ಅರಿಶಿನ ತುಂಬಿಕೊಂಡು ನಾಲ್ಕು ದಿನ ಹೋಗುವವನು ಗಂಡನೇ. ನಾನು ಸೊನ್ನೆ ಹಾಕಿದ ಕಡೆ ಒಂದು ಇರಬೇಕಿತ್ತು.

ಡಾಕ್ಟರಿಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ, “ಹುಡುಕಿ ಕರ್ಕೊಂಡು ಬನ್ನಿ” ಎಂದರು. ತೆರಕಣಾಂಬಿಯಲ್ಲಿ ನಾಗಮಣಿ ಇರಲಿಲ್ಲ. “ಅವ್ರವ್ವನ್ ಮನೇಲವ್ಳೆ” ಎಂದ ಅತ್ತೆ ನನಗೆ ಕೂರಲೂ ಹೇಳಲಿಲ್ಲ. ಮಗನಿಗೆ ಬೇರೆ ಹೆಣ್ಣು ನೋಡುತ್ತಿದ್ದಾರೆಂದು ಪಕ್ಕದ ಮನೆಯವರಿಂದ ತಿಳಿಯಿತು.

ಹರವೆಯಲ್ಲಿ, ತವರಿನ ಹಿತ್ತಲಿನಲ್ಲಿ, ಅವಳು ಹೊಟ್ಟೆ ಅದುಮಿಕೊಂಡು ಕೂತಿದ್ದಳು. ಮೈ ಸುಡುತ್ತಿತ್ತು. ನಾನು ಮತ್ತೆ ಕೇಳಿದೆ, ಈ ಸಲ ಇಬ್ಬರೇ.

“ಈರೋಡ್ ಮಂಡಿಗೆ ಓಯ್ತರೆ ಅಕ್ಕ. ಅಲ್ಲೊಬ್ಳವ್ಳೆ ಅಂತ ನಂಗೊತ್ತು.” ಸೆರಗಿನಿಂದ ಮುಖ ಒರೆಸಿಕೊಂಡು, “ಆವತ್ತೇ ಯೋಳುದ್ನಲ್ಲಕ್ಕ” ಎಂದಳು.

“ನನಗೆ ತಿಳೀಲಿಲ್ಲವಾ, ತಪ್ಪಾತು” ಎಂದೆ. ಅವಳನ್ನು ಬಸ್ಸು ಹತ್ತಿಸಿ ಕ್ಲಿನಿಕ್ಕಿಗೆ ಕರೆತಂದೆ.

ಅವತ್ತೇ ಡಾಕ್ಟರು ನೋಡಿ ಸ್ಯಾಂಪಲ್ ತೆಗೆದು, ಕಾಯದೆ ಔಷಧಿ ಶುರು ಮಾಡಿದರು. ಸೋಂಕಿದೆಯೆಂದು ಮೈಸೂರಿನಿಂದ ವರದಿ ಬಂತು. ಗಂಡನೂ ಮಾತ್ರೆ ನುಂಗಬೇಕು, ಇಲ್ಲವಾದರೆ ಇವಳಿಗೆ ಮತ್ತೆ ಅಂಟುತ್ತದೆ. ನಾಗಮಣಿ ಒಪ್ಪಿದ ಮೇಲೆ ಅವನನ್ನು ಕರೆಸಿದೆವು. “ನಂಗೇನಾಗದೆ ಸಿಸ್ಟ್ರೆ? ಕಾಯ್ಲೆ ಅವಳ್ದು” ಎಂದ. ನಾನು ಬಾಯಿ ತೆರೆಯುವ ಮೊದಲೇ ನಾಗಮಣಿ ಎದ್ದು ನಿಂತಳು. “ನುಂಗಿ. ಇಲ್ದಿದ್ರೆ ಎಲ್ಲಿಂದ ಬಂತು ಅಂತ ನಿಮ್ಮವ್ವನ್ ಮುಂದೇನೇ ಯೋಳ್ತಿನಿ.” ಅವನು ನಮ್ಮೆದುರಿಗೇ ನುಂಗಿದ.

ನೋವು, ಜ್ವರ ಇಳಿದವು. ಮಗುವಾಗುವುದೋ ಇಲ್ಲವೋ ಡಾಕ್ಟರಿಗೂ ಹೇಳಲಾಗಲಿಲ್ಲ. ಸೋಂಕು ಎಂದಿನಿಂದಿತ್ತೋ, ಆ ಎರಡು ವಾರದಲ್ಲಿ ಎಷ್ಟು ಕೆಟ್ಟಿತೋ, ಯಾರಿಗೆ ಗೊತ್ತು? ಹೆಣ್ಣು ನೋಡುವುದು ನಿಂತಿದೆ. ನಾಗಮಣಿ ಮಾತ್ರ ತೆರಕಣಾಂಬಿಗೆ ಇನ್ನೂ ಹೋಗಿಲ್ಲ. ಕ್ಲಿನಿಕ್ಕಿನ ನನ್ನ ಕೋಣೆಯಲ್ಲಿ ಈಗ ಮೊದಲ ನಿಯಮ: ಅತ್ತೆಯರು ಹೊರಗೆ. ತಿಳಿಯದ ಮಾತನ್ನು ನಾಚಿಕೆಯಿಲ್ಲದೆ ಮೂರು ಸಲ ಕೇಳುತ್ತೇನೆ.

ಕಳೆದ ತಿಂಗಳು ಬಿಜಾಪುರಕ್ಕೆ ಹೋದಾಗ ಅವ್ವ, “ನಿನ್ನ ಮಾತ ಬ್ಯಾರೆ ಆಗೇತಲ್ಲವಾ” ಎಂದಳು. ಇಲ್ಲಿ ನಾನಿನ್ನೂ ‘ಬಿಜಾಪುರದ ಸಿಸ್ಟ್ರು’. ಅಲ್ಲಿನ ಆಸ್ಪತ್ರೆಯೊಂದರಲ್ಲಿ ಕೆಲಸ ಖಾಲಿಯಿದೆ, ಅವ್ವ ಅರ್ಜಿಯನ್ನೂ ತರಿಸಿಟ್ಟಿದ್ದಳು. ತುಂಬಿ ಚೀಲದಲ್ಲಿಟ್ಟುಕೊಂಡು ಬಂದಿದ್ದೇನೆ, ಇನ್ನೂ ಅಂಚೆಗೆ ಹಾಕಿಲ್ಲ. ಅಲ್ಲಿ ನನ್ನ ಮಾತನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ನಾನು ಹೊರಟರೆ, ಈ ಹೆಂಗಸರು ತಮ್ಮ ಮಾತನ್ನು ಮತ್ತೊಬ್ಬ ನರ್ಸಿಗೆ ಮೊದಲಿನಿಂದ ಬಿಡಿಸಿ ಹೇಳಬೇಕು.