ಕಿವಿಗೂ ಹೆಗಲಿಗೂ ನಡುವೆ

ಮೂರು ರಸ್ತೆ ಕೂಡುವಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಆಕೆಯನ್ನು ಎಲ್ಲರೂ ಟೈಲರಮ್ಮ ಎಂದೇ ಕರೆಯುತ್ತಿದ್ದರು. ಆಕೆಗೆ ಎಡ ಕಣತಲೆಯಲ್ಲಿ ನೋವು. ಅಂತಿಂಥ ನೋವಲ್ಲ, ಕಣ್ಣಿನ ಹಿಂದೆ ದಾರ ಕಟ್ಟಿ ಯಾರೋ ಜಗ್ಗಿದ ಹಾಗೆ. ಕನ್ನಡಕ ಬದಲಾಯಿಸಿದ್ದಾಯಿತು. ಪಾಪ, ಗಟ್ಟಿಮುಟ್ಟಾಗಿದ್ದ ದವಡೆ ಹಲ್ಲೊಂದನ್ನು ಕೀಳಿಸಿದ್ದೂ ಆಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತಲ್ಲ, ಹಾಗೆ! ನೋವು ಜಪ್ಪಯ್ಯ ಎನ್ನಲಿಲ್ಲ.

"ನೋವೂ ಇಲ್ಲ ಗೀವೂ ಇಲ್ಲ, ಎಲ್ಲಾ ನಿನ್ನ ಭ್ರಮೆ" ಎಂದುಬಿಟ್ಟ ಗಂಡ. ಅಂದಿನಿಂದ ಆಕೆ ಮನೆಯಲ್ಲಿ ಆ ಮಾತೇ ಎತ್ತಲಿಲ್ಲ.

ಕೊನೆಗೆ ಅಂಗಡಿಯಲ್ಲಿ ಕಾಜಾ ಹಾಕುವವಳು ಫಿಸಿಯೋಥೆರಪಿ ಮಾಡುವ ಹುಡುಗಿಯ ಬಳಿಗೆ ಎಳೆದೊಯ್ದಳು. ಆ ಹುಡುಗಿ ತಲೆ ಮುಟ್ಟಲೇ ಇಲ್ಲ. ಎಲ್ಲವನ್ನೂ ಕೇಳಿಸಿಕೊಂಡು, ಕುತ್ತಿಗೆಗೂ ಹೆಗಲಿಗೂ ಮಧ್ಯದ ಮಾಂಸವನ್ನು ಬೆರಳಲ್ಲಿ ಹಿಡಿದು ಒಂದು ಕಡೆ ಅದುಮಿದಳು. "ಅಯ್ಯಯ್ಯೋ!" ನೋವು ನೆಟ್ಟಗೆ ಕಣತಲೆಗೆ ಹಾರಿತು.

"ಸ್ನಾಯು ಇಲ್ಲಿ ಗಂಟು ಕಟ್ಟಿದೆ ಅಮ್ಮ. ಗಂಟು ಇಲ್ಲಿ, ನೋವು ಅಲ್ಲಿ. ಭ್ರಮೆಯಂತೆ ಭ್ರಮೆ! ಇದು ನಿಜವಾದ ನೋವೇ."

ಟೈಲರಮ್ಮನಿಗೆ ಅಳು ತಡೆಯಲಾಗಲಿಲ್ಲ.

"ಈ ಹೆಗಲನ್ನ ಎತ್ತಿ ಏನಾದ್ರೂ ಒತ್ತಿ ಹಿಡ್ಕೊಳ್ಳೋ ಅಭ್ಯಾಸ ಇದೆಯಾ? ಅದು ಬಿಡದಿದ್ರೆ ನಾನೆಷ್ಟು ಸಡಿಲ ಮಾಡಿದ್ರೂ ಮತ್ತೆ ಕಟ್ಕೊಳ್ಳತ್ತೆ."

"ಇಲ್ಲಮ್ಮ" ಎಂದಳು. ಹಸಿ ಸುಳ್ಳು.

ದೂರದಲ್ಲಿದ್ದ ಅಕ್ಕ ಸೊಂಟ ಮುರಿದು ಹಾಸಿಗೆ ಹಿಡಿದಿದ್ದಳು. ಹಗಲೆಲ್ಲ ಒಬ್ಬಳೇ. ಪ್ರತಿ ಮಧ್ಯಾಹ್ನ ಅವಳ ಫೋನು ಬರುತ್ತಿತ್ತು. ಟೈಲರಮ್ಮ ಅದನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿ, ಕೈಯಲ್ಲಿ ಹೊಲಿಯುತ್ತಲೇ ಹೂಂಗುಡುತ್ತಿದ್ದಳು. ಇಯರ್‌ಫೋನ್ ತಂದಿದ್ದಳು, ತಂತಿ ಮಿಷನ್ನಿನ ಚಕ್ರಕ್ಕೆ ಸುತ್ತಿಕೊಂಡು ತುಂಡಾಗಿತ್ತು. ಸ್ಪೀಕರ್ ಹಾಕೋಣವೆಂದರೆ, ಹಾಸಿಗೆ ಒದ್ದೆಯಾದ ಸಂಕಟವೆಲ್ಲ ಗಿರಾಕಿಗಳ ಕಿವಿಗೆ ಬೀಳುವ ಮಾತೇ? ಫೋನಿನಿಂದಲೇ ಈ ನೋವು ಎಂದು ಹೇಳಿದರಂತೂ ಅಕ್ಕ ಫೋನು ಮಾಡುವುದನ್ನೇ ಬಿಟ್ಟಾಳು. ಅವಳಿಗೆ ಬೇರೆ ಯಾರಿದ್ದರು?

ಮನೆಗೆ ನಡೆಯುವಾಗ ಒಂದು ಯೋಚನೆ ಚುಚ್ಚಿತು. ತನ್ನ ನೋವನ್ನು ಒಬ್ಬರು ಗಮನವಿಟ್ಟು ಕೇಳಿದ್ದಕ್ಕೇ ತನಗೆ ಅಳು ಬಂತು. ಅಕ್ಕನ ನೋವನ್ನು ತಾನು ಎಂದಾದರೂ ಹಾಗೆ ಕೇಳಿದ್ದುಂಟೇ?

ಮರುದಿನ ಫೋನು ಬಂದಾಗ ಟೈಲರಮ್ಮ ಮಿಷನ್ ನಿಲ್ಲಿಸಿ, ಫೋನನ್ನು ಕೈಯಲ್ಲಿ ಹಿಡಿದಳು.

"ಏನೇ, ಮಿಷನ್ ಸದ್ದೇ ಇಲ್ಲ? ಹುಷಾರಾಗಿದೀಯಾ?" ಅಕ್ಕನ ದನಿಯಲ್ಲಿ ಗಾಬರಿಯಿತ್ತು.

"ಹುಷಾರಾಗಿದೀನಕ್ಕ. ನಿನ್ನ ಮಾತು ಕೇಳೋಕೇ ನಿಲ್ಲಿಸಿದೆ. ಹೇಳು."

ಅಕ್ಕನ ದನಿ ಸಣ್ಣಗಾಯಿತು.

"ಸಾಯೋಕೆ ಭಯ ಆಗತ್ತೆ ಕಣೇ. ನಿನ್ನ ಕೆಲಸದ ಮಧ್ಯೆ ಇದನ್ನೆಲ್ಲ ಹೇಗೆ ಹೇಳೋದು ಅಂತ ನುಂಗ್ಕೋತಿದ್ದೆ."

ಎದುರಿಗೆ ಬಟ್ಟೆ ಹಿಡಿದು ಗಿರಾಕಿಯೊಬ್ಬ ಕಾಯುತ್ತಿದ್ದ. ಟೈಲರಮ್ಮ ಅವನಿಗೆ ಬೆನ್ನು ಮಾಡಿ ಕುಳಿತಳು.

"ಹೇಳಕ್ಕ, ನಂಗೀಗ ಯಾವ ಕೆಲಸಾನೂ ಇಲ್ಲ."