ಗೋಡೆಗೆ ಆನಿಸಿದ ಕೈ

ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನ ಅಟೆಂಡರನನ್ನು ಹುಡುಗರೆಲ್ಲ ಉಪ್ಪಣ್ಣ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಸಂಬಳದ ದಿನ ಮಾತ್ರ ಹೊರಗೆ ಬರುತ್ತಿತ್ತು. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಒಬ್ಬೊಬ್ಬರಿಗೆ ನಂಬರು ಅಂಟಿಸಿದ ಒಂದೊಂದು ಶೀಶೆ, ಅದರಲ್ಲಿ ಚಿಟಿಕೆ ಬಿಳಿ ಲವಣ. ಕಾಯಿಸಿ, ಕರಗಿಸಿ, ಜ್ವಾಲೆಗೆ ಹಿಡಿದು ಅದು ಯಾವುದೆಂದು ಕಂಡುಹಿಡಿಯಬೇಕು. ಶೀಶೆ ತುಂಬುವವನು ಉಪ್ಪಣ್ಣ, ಯಾವ ನಂಬರಿನಲ್ಲಿ ಯಾವ ಲವಣವೆಂದು ಬಲ್ಲವನೂ ಅವನೇ, ಹಾಗಾಗಿ ಆ ಕಷ್ಟವನ್ನು ಅವನು ಹುಡುಗರಿಗೆ ಕೊಡುತ್ತಲೇ ಇರಲಿಲ್ಲ. ಮೂಗು ತುರಿಸಿಕೊಂಡರೆ ಅಮೋನಿಯಂ, ಕಿವಿ ಹಿಡಿದರೆ ಬೇರಿಯಂ, ಸುಣ್ಣ ಬಳಿದ ಗೋಡೆಗೆ ಅಂಗೈ ಆನಿಸಿದರೆ ಕ್ಯಾಲ್ಸಿಯಂ. ಇದಕ್ಕೆ ಯಾರಿಂದಲೂ ಏನನ್ನೂ ಪಡೆದವನಲ್ಲ. ಪಾಪದ ಮಕ್ಕಳು ಪಾಸಾಗಲಿ ಎಂಬ ಕನಿಕರ, ಅಷ್ಟೇ. ಕನಿಕರದಿಂದ ಕೆಟ್ಟ ಮನೆಗಳೂ ಲೋಕದಲ್ಲಿ ಬೇಕಾದಷ್ಟಿವೆ, ಬಿಡಿ.

ತಮಾಷೆಯೆಂದರೆ, ವಿದ್ಯೆಯ ಮಟ್ಟ ಇಳಿದುಹೋಯಿತೆಂದು ಎಲ್ಲರಿಗಿಂತ ಜೋರಾಗಿ ಕೊರಗುತ್ತಿದ್ದವನೂ ಅವನೇ.

"ಆಗಿನ ಹುಡುಗ್ರು ಏನು ಚುರುಕು ಸಾರ್! ನಾನು ಮೂಗಿನ ಹತ್ರ ಕೈ ತರೋಷ್ಟ್ರಲ್ಲಿ ಬರೆದು ಮುಗಿಸ್ತಿದ್ರು. ಈಗಿನವರಿಗೆ ಕಿವೀಲಿ ಹೆಸರೇ ಊದ್ಬೇಕು. ಅದನ್ನೂ ತಪ್ಪು ಬರೀತಾರೆ!" ಎಂದು ಸ್ಟಾಫ್ ರೂಮಿನಲ್ಲಿ ಚಹಾ ಕೊಡುತ್ತಾ ಹೇಳುವನು. ಮೇಷ್ಟರುಗಳು ಹೌದೌದೆಂದು ತಲೆದೂಗುವರು. ಫಲಿತಾಂಶ ಚೆನ್ನಾಗಿ ಬಂದರೆ ಹೆಸರು ಅವರಿಗೇ ಅಲ್ಲವೆ, ಅವನನ್ನು ತಡೆಯುವ ಗೊಡವೆ ಯಾರಿಗೆ ಬೇಕು.

ಅವನ ಒಬ್ಬಳೇ ಮಗಳು ಅದೇ ಕಾಲೇಜು ಸೇರಿದಳು. ಮುಂದೆ ಫಾರ್ಮಸಿ ಓದಿ ಔಷಧ ತಯಾರಿಸುವ ಕೆಲಸಕ್ಕೆ ಹೋಗಬೇಕೆಂಬುದು ಅವಳ ಹಟ. ಈ ಸಲ ನಪಾಸಾದರೆ ಓದಿಗೆ ಕೈಮುಗಿದು ಮದುವೆ ಎಂದು ತಾಯಿ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು. ಪ್ರಾಕ್ಟಿಕಲ್ ದಿನ ಬೆಳಿಗ್ಗೆ ಚಪ್ಪಲಿ ಮೆಟ್ಟುತ್ತಾ ಮಗಳು ಅಪ್ಪನ ಕಡೆ ತಿರುಗಿದಳು.

"ಅಪ್ಪ, ನಂಗೆ ಮಾತ್ರ ಏನೂ ತೋರಿಸ್ಬೇಡ. ನಾನೇ ಮಾಡ್ತೀನಿ."

"ಆಯ್ತು ಕಣಮ್ಮ."

"ಆಣೆ ಮಾಡು."

"ನಿನ್ನಾಣೆ ಮಾರಾಯ್ತಿ, ನಡಿ."

ಹೊರಗಿನಿಂದ ಬಂದ ಪರೀಕ್ಷಕರು ತಲೆ ನರೆತ ಪ್ರೊಫೆಸರು, ಒಂದು ಕಾಲಕ್ಕೆ ಇದೇ ಲ್ಯಾಬಿನಲ್ಲಿ ಓದಿದವರು. ಬಂದವರೇ ಉಪ್ಪಣ್ಣನನ್ನು ಚಹಾ ತರಲು ಅಟ್ಟಿದರು. ಅವನು ಫ್ಲಾಸ್ಕ್ ಹಿಡಿದು ವಾಪಸಾಗುವಷ್ಟರಲ್ಲಿ ಪರೀಕ್ಷೆ ಶುರುವಾಗಿತ್ತು. ವಾಡಿಕೆಯಂತೆ, ಮಗಳೊಬ್ಬಳನ್ನು ಬಿಟ್ಟು, ಒಂದು ಸುತ್ತು ಮೂಗು, ಕಿವಿ ಎಲ್ಲ ಮುಟ್ಟಿಕೊಂಡು ಬಂದು ಬಾಗಿಲ ಬಳಿ ನಿಂತ.

ಮಗಳು ಬರ್ನರಿನ ಮುಂದಿದ್ದಳು. ತಂತಿಯ ತುದಿಗೆ ಪುಡಿ ಅಂಟಿಸಿ ಜ್ವಾಲೆಗೆ ಹಿಡಿದಳು, ಏನೋ ಬರೆದಳು, ಮತ್ತೆ ಹಿಡಿದಳು. ಜ್ವಾಲೆ ಅವಳ ಮೈಗೆ ಮರೆಯಾಗಿತ್ತು, ತಂತಿ ಹಿಡಿದ ಕೈ ಮತ್ತೆ ಚಾಚಿದ್ದಷ್ಟೇ ಅವನಿಗೆ ಕಂಡಿತು. ಗೊತ್ತಾಗದೆ ಒದ್ದಾಡುತ್ತಿದೆ ನನ್ನ ಕೂಸು ಎಂದುಕೊಂಡ. ಆಣೆಯೇನೋ ನೆನಪಿತ್ತು, ಆದರೆ ಕರುಳು ಕೇಳಬೇಕಲ್ಲ! ಅವಳು ಬಾಗಿಲ ಕಡೆ ತಲೆ ತಿರುಗಿಸಿದ್ದೇ ತಡ, ಗೋಡೆಗೆ ಅಂಗೈ ಆನಿಸಿ ನಿಂತುಬಿಟ್ಟ. ಮಗಳು ಅವನನ್ನೇ ನೋಡಿದಳು, ತಿರುಗಿ ಜ್ವಾಲೆಯನ್ನು ನೋಡಿದಳು. ಆಮೇಲೆ ತಲೆ ತಗ್ಗಿಸಿ, ಬರೆದಿದ್ದನ್ನು ಹೊಡೆದುಹಾಕಿದಳು.

ಸಂಜೆ ಅವನು ಟೆಸ್ಟ್ ಟ್ಯೂಬು ತೊಳೆಯುತ್ತಿದ್ದಾಗ ಪ್ರೊಫೆಸರು ಹತ್ತಿರ ಬಂದರು.

"ಇಡೀ ಬ್ಯಾಚೇ ತಪ್ಪು ಬರೆದಿದೆ ಉಪ್ಪಣ್ಣ. ಮಟ್ಟ ಪಾತಾಳಕ್ಕಿಳಿದಿದೆ. ನೀವು ಚಹಾಕ್ಕೆ ಹೋದಾಗ ಶೀಶೆಗಳ ನಂಬರು ಅದಲುಬದಲು ಮಾಡ್ದೆ. ನಿಮ್ಮ ಮೂಗು, ಕಿವಿ, ಗೋಡೆ ನಂಗೆ ಗೊತ್ತಿಲ್ವಾ? ನಾನು ಪಾಸಾಗಿದ್ದೂ ಅದ್ರಲ್ಲೇ!"

ಹೇಳುತ್ತಾ ನಕ್ಕರು ಪುಣ್ಯಾತ್ಮರು. ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸಿತಂತೆ.

"ಒಂದು ಹುಡುಗಿ ಮಾತ್ರ ಬೇರಿಯಂ ಅಂತ ಸರಿಯಾಗೇ ಬರ್ದಿದ್ಲು. ಆಮೇಲೆ ಯಾಕೋ ಹೊಡೆದು ಕ್ಯಾಲ್ಸಿಯಂ ಮಾಡಿದಾಳೆ."

ಉಪ್ಪಣ್ಣನ ಕೈಯಲ್ಲಿದ್ದ ಟ್ಯೂಬು ತೊಟ್ಟಿಗೆ ಬಿತ್ತು. "ಅವಳು ನನ್ನ ಮಗಳು ಸಾರ್. ನಾನೇ ತೋರಿಸಿ ಕೆಡಿಸ್ದೆ. ದಮ್ಮಯ್ಯ, ಅವಳಿಗೊಂದು ದಾರಿ ಮಾಡಿ."

ಪ್ರೊಫೆಸರ ನಗು ಆರಿತು. "ಮಾರ್ಕ್ಸಿನ ಲಕೋಟೆಗೆ ಅರಗು ಹಾಕಿ ಕಳಿಸಾಯ್ತಲ್ಲ," ಎಂದು ಗೊಣಗಿ, ಚೀಲ ಎತ್ತಿಕೊಂಡು ಹೊರಟುಹೋದರು.

ಖಾಲಿ ಲ್ಯಾಬಿನಲ್ಲಿ ಉಪ್ಪಣ್ಣ ಸ್ಟೂಲಿನ ಮೇಲೆ ಕೂತ. ಆಗಿನವರು ಜಾಣರು, ಈಗಿನವರು ದಡ್ಡರು ಎಂದು ಜೀವಮಾನವಿಡೀ ಸಾರಿದವನಿಗೆ, ತನ್ನ ಸನ್ನೆಯಿಲ್ಲದೆ ಬರೆದ ಹುಡುಗನೊಬ್ಬನೂ ನೆನಪಿಗೆ ಬರಲಿಲ್ಲ. ಒಬ್ಬರನ್ನಾದರೂ ಅವರ ಪಾಡಿಗೆ ಬಿಟ್ಟಿದ್ದರಲ್ಲವೆ ಮಟ್ಟ ಏರಿತೋ ಇಳಿಯಿತೋ ತಿಳಿಯುವುದು? ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಮನೆಗೆ ಬಂದಾಗ ಮಗಳು ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದಳು. ವಿಷಯ ಆಗಲೇ ಅವಳಿಗೆ ಮುಟ್ಟಿತ್ತು. ತಪ್ಪು ತನ್ನದೇ ಆದ್ದರಿಂದ ಅವನಿಗೆ ಮೊದಲು ಬಂದದ್ದು ಸಿಟ್ಟು.

"ಕಣ್ಣಾರೆ ಕಂಡಿದ್ದನ್ನ ಬಿಟ್ಟು ನನ್ನ ಯಾಕೆ ನಂಬ್ದೆ?"

"ಜ್ವಾಲೆ ಎರಡು ಸಲಾನೂ ಹಸಿರೇ ಕಾಣಿಸ್ತು ಅಪ್ಪ," ಎಂದಳು ಮಗಳು, ಅವನ ಮುಖ ನೋಡದೆ. "ಕ್ಯಾಲ್ಸಿಯಂ ಆದ್ರೆ ಇಟ್ಟಿಗೆ ಕೆಂಪು ಬರ್ಬೇಕು, ಅದೂ ಗೊತ್ತಿತ್ತು. ಆದ್ರೆ ನನ್ನಾಣೆ ಮಾಡಿದ್ದ ಅಪ್ಪ, ಆ ಆಣೆನೂ ಮುರಿದು ತೋರಿಸ್ತಿದಾನೆ ಅಂದ್ರೆ, ನನ್ನ ಕಣ್ಣೇ ಸರಿ ಇಲ್ಲ ಅಂದ್ಕೊಂಡೆ."